ಊರು ಬಿಟ್ಟು ಹೋಗಲಾಗದವರ ತಿರುಗಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರಿಗೂ ಮನೆ ಬಿಟ್ಟು ಕದಲಲಾಗದ ಕಾಲ ಬರುತ್ತದೆ. ಹಾಸಿಗೆ ಹಿಡಿದ ಹಿರಿಯರು, ಹಸುಗೂಸು, ರಜೆ ಸಿಗದ ಕೆಲಸ, ತೀರದ ಸಾಲ, ಸ್ವಂತ ಕಾಯಿಲೆ, ಹೀಗೆ ಕಾರಣ ಏನಾದರೂ ಇರಬಹುದು. ನಾನೂ ಅಮ್ಮನ ಆರೈಕೆಗೆಂದು ಬೆಂಗಳೂರಲ್ಲೇ ನಿಂತವಳು. ಮಧ್ಯಾಹ್ನದ ಔಷಧಿ ಹೊತ್ತಿಗೆ ಮನೆಯಲ್ಲಿ ಇರಲೇಬೇಕು. ನಮ್ಮಂಥವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ತಿಳಿದಷ್ಟು ಉತ್ತರ ಇಲ್ಲಿದೆ. ಉದಾಹರಣೆಗಳು ಬಹುಪಾಲು ಬೆಂಗಳೂರಿನವು, ನನಗೆ ಚೆನ್ನಾಗಿ ಗೊತ್ತಿರುವ ಊರು ಅದೇ. ಬೇರೆ ಊರಿನವರಿಗೂ ಮುಂದೆ ಒಂದಷ್ಟು ಇದೆ.

ಊರೊಳಗೇ ಸುತ್ತಿದರೆ ಪ್ರವಾಸದ ಆಸೆ ನಿಜವಾಗಿಯೂ ತೀರುತ್ತದೆಯೇ?

ಪೂರ್ತಿ ತೀರುವುದಿಲ್ಲ. ಕಡಲು ನೋಡಬೇಕು ಅನಿಸಿದಾಗ ಸ್ಯಾಂಕಿ ಕೆರೆ ಕಡಲಾಗುವುದಿಲ್ಲ. ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಪ್ರವಾಸದಲ್ಲಿ ನಮಗೆ ಬೇಕಾಗಿರುವುದೆಲ್ಲ ದೂರದಲ್ಲೇ ಇಲ್ಲ. ಮುಂದಿನ ತಿರುವಿನಲ್ಲಿ ಏನಿದೆಯೋ ಎಂಬ ಕುತೂಹಲ, ಮನೆಯ ಚಿಂತೆ ಮರೆತು ಕಣ್ಣರಳಿಸಿ ನಡೆಯುವ ಸುಖ, ಗುರುತಿಲ್ಲದವರ ಜೊತೆ ನಾಲ್ಕು ಮಾತು, ಇಷ್ಟಂತೂ ಮನೆಯ ಸುತ್ತಲೇ ಸಿಗುತ್ತದೆ.

ಅದಕ್ಕೆ ಒಂದೇ ಷರತ್ತು. ಹಂಪಿಗೆ ಹೊರಡುವಾಗ ಎಷ್ಟು ತಯಾರಿ ಮಾಡಿಕೊಳ್ಳುತ್ತೀರೋ ಪಕ್ಕದ ಬಡಾವಣೆಗೆ ಹೊರಡುವಾಗಲೂ ಅಷ್ಟೇ ತಯಾರಿ ಇರಲಿ. ಹಿಂದಿನ ರಾತ್ರಿ ಓದಿಕೊಳ್ಳಿ, ನಕ್ಷೆ ನೋಡಿ, ಬೆಳಿಗ್ಗೆ ಬೇಗ ಏಳಿ, ಬಾಟಲಿಗೆ ನೀರು ತುಂಬಿಸಿಕೊಳ್ಳಿ. 'ಹೇಗೂ ಇಲ್ಲೇ ಇದೆಯಲ್ಲ, ಯಾವಾಗಲಾದರೂ ನೋಡಿದರಾಯಿತು' ಅಂದುಕೊಂಡ ಜಾಗವನ್ನು ನಾವು ಜೀವಮಾನವಿಡೀ ನೋಡುವುದೇ ಇಲ್ಲ.

ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದೇನೆ. ನೋಡಲು ಹೊಸದೇನು ಉಳಿದಿದೆ?

ಲಾಲ್‌ಬಾಗ್‌ಗೆ ಹೋಗಿರುತ್ತೀರಿ. ಅಲ್ಲಿನ ಬಂಡೆ ನೋಡಿದ್ದೀರಾ? ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಮುಂದೆ ಫೋಟೋ ತೆಗೆಸಿಕೊಂಡಿದ್ದನ್ನು ಕೇಳುತ್ತಿಲ್ಲ, ಕುಕ್ಕರಗಾಲಲ್ಲಿ ಕೂತು ಬಂಡೆಯನ್ನೇ ನೋಡಿದ್ದೀರಾ ಎಂದು ಕೇಳುತ್ತಿದ್ದೇನೆ.

ಸೂರ್ಯ ಇನ್ನೂ ಕೆಳಗಿರುವಾಗ ಹೋಗಿ. ಬೂದು ಕಲ್ಲಿನ ಮೈಮೇಲೆ ಬಿಳಿ, ಕಪ್ಪು, ಅಲ್ಲಲ್ಲಿ ತೆಳು ಗುಲಾಬಿ ಪಟ್ಟೆಗಳು ಕಾಣುತ್ತವೆ. ಹಾಲಿಗೆ ಡಿಕಾಕ್ಷನ್ ಬಿಟ್ಟು ಚಮಚ ಆಡಿಸುವ ಮೊದಲು ಲೋಟದಲ್ಲಿ ಕಾಣುವ ಎಳೆಗಳ ಹಾಗೆ ಅವು ಬಳುಕಿವೆ, ಮಡಚಿವೆ. ಬಿಳಿ ಪಟ್ಟೆ ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಪಟ್ಟೆಯಲ್ಲಿ ಅಭ್ರಕದ ಜಾತಿಯ ಖನಿಜ. ನೆಲದಾಳದ ಶಾಖಕ್ಕೆ, ಒತ್ತಡಕ್ಕೆ ಸಿಕ್ಕು ಖನಿಜಗಳು ಬೇರೆ ಬೇರೆಯಾಗಿ ಹೀಗೆ ಪದರಗಟ್ಟಿವೆ. ಈ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಕೊಟ್ಟದ್ದು. ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತದ ಭೂಭಾಗ ಏಷ್ಯಾಕ್ಕೆ ಗುದ್ದಿ ಹಿಮಾಲಯ ಏಳತೊಡಗಿ ಇನ್ನೂ 5 ಕೋಟಿ ವರ್ಷದ ಆಸುಪಾಸು. 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು, ಅಲ್ಲೇ ಫಲಕವೂ ಇದೆ. ಜನ ಅದರ ಪಕ್ಕದಲ್ಲೇ ಓಡಾಡುತ್ತಾರೆ, ನಿಂತು ಓದುವವರು ಕಡಿಮೆ. ಬೆಟ್ಟ ನೋಡಲು ಹಿಮಾಲಯಕ್ಕೆ ಹೋಗಲಾಗಲಿಲ್ಲ ಎಂದು ನನಗೂ ನೋವಿತ್ತು. ಹಿಮಾಲಯಕ್ಕಿಂತ ಎಷ್ಟೋ ಪಟ್ಟು ಹಳೆಯ ಕಲ್ಲು ಜಯನಗರದ ಬಸ್ಸಿಗೆ ಸಿಗುತ್ತದೆ ಎಂದು ತಿಳಿದ ದಿನ ಆ ನೋವು ಎಷ್ಟೋ ಇಳಿಯಿತು.

ಎಲ್ಲಿಂದ ಶುರು ಮಾಡಲಿ? 'ನೋಡಲೇಬೇಕಾದ ಹತ್ತು ಸ್ಥಳಗಳು' ಥರದ ಪಟ್ಟಿ ಇದೆಯೇ?

ಪಟ್ಟಿ ಬೇಡ. ಪಟ್ಟಿ ಹಿಡಿದು ಹೊರಟರೆ ಟಿಕ್ ಹಾಕುವುದೇ ಕೆಲಸವಾಗಿ, ಎರಡು ವಾರಕ್ಕೆ ಬೇಜಾರಾಗುತ್ತದೆ. ಒಂದು ಎಳೆ ಹಿಡಿದುಕೊಳ್ಳಿ, ಅದು ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ ಹೋಗಿ. ನನಗೆ ಎಲ್ಲಕ್ಕಿಂತ ಇಷ್ಟದ ಎಳೆ ನೀರು.

ನಿಮ್ಮ ಮನೆ ಛಾವಣಿ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಒಂದು ದಿಣ್ಣೆಯ ಮೇಲೆ ಕೂತಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆಂದು ಜನ ನಂಬುವ ಆ ನದಿ ಮೈಸೂರು ರಸ್ತೆಗುಂಟ ಹರಿದು, ಬಿಡದಿ ಹತ್ತಿರದ ಬೈರಮಂಗಲ ಕೆರೆ ತಲುಪಿ, ಅರ್ಕಾವತಿಗೆ ಸೇರಿ, ಸಂಗಮದಲ್ಲಿ ಕಾವೇರಿಯಾಗುತ್ತದೆ. ಪೂರ್ವಕ್ಕೆ ಬಿದ್ದ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ಒಂದೇ ಮೋಡದ ಎರಡು ಹನಿಗಳಲ್ಲಿ ಒಂದು ಪೂಂಪುಹಾರ್‌ನಲ್ಲಿ, ಇನ್ನೊಂದು ಕಡಲೂರಿನಲ್ಲಿ ಬಂಗಾಳ ಕೊಲ್ಲಿಗೆ ಸೇರುತ್ತವೆ.

ಇದನ್ನು ತಲೆಯಲ್ಲಿಟ್ಟುಕೊಂಡು ನಿಮ್ಮ ರಸ್ತೆ ಯಾವ ಕಡೆಗೆ ಇಳಿಜಾರು ಎಂದು ನೋಡಿ, ಆ ಇಳಿಜಾರಿನಲ್ಲೇ ನಡೆಯಿರಿ. ಮೋರಿ ಸಿಗುತ್ತದೆ, ಮುಂದೆ ರಾಜಕಾಲುವೆ ಎಂಬ ದೊಡ್ಡ ಮಳೆನೀರ ಕಾಲುವೆ, ಅದರಾಚೆ ಕೆರೆ. ಕೆಲವು ಕಡೆ ಕೆರೆ ಇದ್ದ ಜಾಗ ಮಾತ್ರ ಉಳಿದಿದೆ: ಮೆಜೆಸ್ಟಿಕ್‌ನ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ. ರಾಜಕಾಲುವೆಯ ವಾಸನೆ ತಡೆಯಲಾರದಷ್ಟು ಇರುತ್ತದೆ, ನಿಜ. ಆದರೂ ನೋಡಿ. ನಮ್ಮ ಮನೆಯ ಬಚ್ಚಲಿನ ನೀರು ಯಾವ ನದಿಯನ್ನು ಏನು ಮಾಡಿದೆ ಎಂದು ಗೊತ್ತಾಗುವುದೂ ಊರು ತಿಳಿಯುವುದರಲ್ಲಿ ಸೇರಿದೆ. ಈ ನಡಿಗೆ ಮುಗಿದ ಮೇಲೆ ಹೆಸರಘಟ್ಟಕ್ಕೆ ಹೋಗಿ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲು ಕೊಳವೆ ನೀರು ಬಂದದ್ದು ಅಲ್ಲಿಂದ.

ಶಾಸನ, ವೀರಗಲ್ಲು ನೋಡಲು ಆಸೆ. ಆದರೆ ಹಳಗನ್ನಡ ಓದಲು ಬರುವುದಿಲ್ಲವಲ್ಲ?

ಓದಲು ಬಾರದಿದ್ದರೂ ವೀರಗಲ್ಲು ಅರ್ಥವಾಗುತ್ತದೆ, ಅದು ಹೋರಾಡಿ ಸತ್ತ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು, ಚಿತ್ರದಲ್ಲಿ ಹೇಳಿದ ಕಥೆ. ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಅಂಕಣದಲ್ಲಿ ಕಾಳಗ: ಬಿಲ್ಲು, ಕತ್ತಿ, ಕೆಲವೊಮ್ಮೆ ಪಕ್ಕದಲ್ಲಿ ದನಗಳು. ದನ ಇದ್ದರೆ ಅವನು ಹಿಂಡನ್ನು ಕಳ್ಳರಿಂದ ಬಿಡಿಸುವಾಗ ಸತ್ತವನು. ನಡುವಿನಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ದೇವರ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಬಳೆ ತೊಟ್ಟ ಕೈಯೊಂದು ಮೇಲೆತ್ತಿಕೊಂಡಿದ್ದರೆ ಅದು ಮಾಸ್ತಿಗಲ್ಲು, ಗಂಡನ ಚಿತೆಯೇರಿದ ಹೆಣ್ಣಿನದು. ಅದರ ಮುಂದೆ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಅಕ್ಷರ ಕಾಣಬೇಕಾದರೆ ಮಧ್ಯಾಹ್ನ ಹೋಗಬೇಡಿ. ನೆತ್ತಿಯ ಬಿಸಿಲಿಗೆ ಸವೆದ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಬೆಳಿಗ್ಗೆ ಅಥವಾ ಸಂಜೆ ಬೆಳಕು ಪಕ್ಕದಿಂದ ಬೀಳುವಾಗ ಒಂದೊಂದು ಗೀರಿಗೂ ನೆರಳು ಬಂದು ಅಕ್ಷರ ಎದ್ದು ನಿಲ್ಲುತ್ತದೆ. ಮೊಬೈಲ್ ಟಾರ್ಚನ್ನು ಕಲ್ಲಿಗೆ ಒರಗಿಸಿದ ಹಾಗೆ ಓರೆಯಾಗಿ ಹಿಡಿದರೂ ಆಗುತ್ತದೆ. 'ನ', 'ಗ', 'ಲ' ಹೀಗೆ ಒಂದೆರಡು ಅಕ್ಷರ ಗುರುತು ಸಿಕ್ಕರೆ ಸಾಕು, ಅಲ್ಲಿಂದ ಎದ್ದು ಬರಲು ಮನಸ್ಸಾಗುವುದಿಲ್ಲ. ಕಲ್ಲಿಗೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಬಳಿಯಬೇಡಿ. ಅಲ್ಲಿಯವರು ಪೂಜೆ ಮಾಡುತ್ತಿದ್ದರೆ ಕೇಳಿಯೇ ಹತ್ತಿರ ಹೋಗಿ.

ಹೆಬ್ಬಾಳದ ಕಿತ್ತಯ್ಯನ ಕಲ್ಲನ್ನು ತಪ್ಪದೆ ನೋಡಿ. ಗಂಗರ ಅರಸ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಊರು ಕಾಯುತ್ತ ಸತ್ತವನ ಆ ಕಲ್ಲು 2018ರಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಸಿಕ್ಕಿತು. ಕಲ್ಲಿನ ಬೆಲೆ ಗೊತ್ತಿದ್ದ ನಾಗರಿಕರು ಹಠ ಹಿಡಿದಿದ್ದರಿಂದ ಉಳಿಯಿತು. ಈಗ ಅದಕ್ಕೆ ಮಂಟಪವಿದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಸ್ಥೆ ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಆ ಚಿತ್ರಗಳಲ್ಲಿ ಕಣ್ಣಿಗೆ ಕಾಣದ ಅಕ್ಷರಗಳೂ ಸ್ಪಷ್ಟ.

ನನಗೆ ಸಿಗುವುದು ಎರಡೇ ಗಂಟೆ. ಅಷ್ಟರಲ್ಲಿ ಏನಾಗುತ್ತದೆ?

ಬೇಕಾದಷ್ಟು. ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯ ಹೂವಿನ ಸಂತೆಗೆ ಹೋಗಿ ಬನ್ನಿ. ಸೇವಂತಿಗೆ, ಕನಕಾಂಬರ, ಸುಗಂಧರಾಜದ ರಾಶಿಗಳ ನಡುವೆ ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಉಸಿರಲ್ಲಿ ಕೇಳುತ್ತವೆ. ಯಾವ ಹೂ ಯಾವ ಊರಿಂದ ಬಂತು ಎಂದು ಕೇಳಿದರೆ ಮಾರುವವರು ಖುಷಿಯಿಂದ ಹೇಳುತ್ತಾರೆ. ವ್ಯಾಪಾರ ಬಿರುಸಾಗಿದ್ದರೆ ಸ್ವಲ್ಪ ಕಾಯಿರಿ, ಒಂದು ಮೊಳವಾದರೂ ಕೊಳ್ಳಿ.

ಹೋಗಿ ಬರುವ ಸಮಯವನ್ನು ಲೆಕ್ಕಕ್ಕೆ ಹಿಡಿದೇ ಜಾಗ ಆರಿಸಿ. ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಕಳೆದು ಅರ್ಧ ಗಂಟೆ ನೋಡಿದರೆ ಮೈ ಮನಸ್ಸು ಎರಡೂ ದಣಿಯುತ್ತವೆ. ಎರಡು ಗಂಟೆಯವರಿಗೆ ನಡಿಗೆ ಅಥವಾ ಮೆಟ್ರೋ.

ಖರ್ಚು?

ಬಸ್ ಚಾರ್ಜು, ಒಂದು ಕಾಫಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಿದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಇದರಿಂದಾಗಿ ಗಂಡನನ್ನೋ ಮಗನನ್ನೋ ಹಣ ಕೇಳದೆ ಮೊದಲ ಸಲ ಒಬ್ಬರೇ ಊರು ನೋಡಲು ಹೊರಟ ಹೆಂಗಸರ ಪಕ್ಕದಲ್ಲಿ ಕೂತು ನಾನು ಪ್ರಯಾಣ ಮಾಡಿದ್ದೇನೆ. ಅವರ ಮುಖದ ಸಂಭ್ರಮ ನೋಡಿದ ಮೇಲೆ ಈ ಯೋಜನೆಯ ಬಗ್ಗೆ ಬೇರೆ ವಾದ ನನಗೆ ಬೇಕಾಗಿಲ್ಲ. ಬಸ್ಸಿನ ಕೊನೇ ಸ್ಟಾಪಿನ ತನಕ ಹೋಗಿ, ಅಲ್ಲಿ ಇಳಿದು ಸುತ್ತಾಡಿ, ಅದೇ ನಂಬರಿನ ಬಸ್ಸಿಗೆ ವಾಪಸ್ಸು ಬನ್ನಿ. ಆನೇಕಲ್, ತಾವರೆಕೆರೆ, ಕಗ್ಗಲೀಪುರ ಎಲ್ಲವೂ ಒಳ್ಳೆಯವೇ. ಹಿಂತಿರುಗುವ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ.

ಮನೆಯಿಂದ ಹೊರಗೆ ಕಾಲಿಡಲೇ ಆಗದವರು ಏನು ಮಾಡಬೇಕು?

ಈ ಪ್ರಶ್ನೆ ಬರೆಯುವವರ ಸ್ಥಿತಿ ನನಗೆ ಗೊತ್ತು. 'ಪುಸ್ತಕ ಓದಿ, ವಿಡಿಯೋ ನೋಡಿ' ಎಂಬ ಉತ್ತರ ಅವರು ಸಾಕುಬೇಕಾಗುವಷ್ಟು ಕೇಳಿರುತ್ತಾರೆ. ಅದಕ್ಕೇ ಹಕ್ಕಿಗಳ ವಿಷಯ ಹೇಳುತ್ತೇನೆ.

ಗ್ರೀನಿಶ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿ ಇದೆ. ಹತ್ತು ಗ್ರಾಂ ಕೂಡ ತೂಗದು. ಬೇಸಿಗೆಯಲ್ಲಿ ಹಿಮಾಲಯ, ಮಧ್ಯ ಏಷ್ಯಾ, ಸೈಬೀರಿಯಾದ ಕಾಡುಗಳಲ್ಲಿ ಮರಿ ಮಾಡುತ್ತದೆ. ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತದೆ, ನಮ್ಮ ಬೀದಿಯ ಹೊಂಗೆಮರಕ್ಕೂ. ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ ತನಕ ಎಲೆಗಳ ನಡುವೆ ಹುಳ ಹುಡುಕುತ್ತ, ಎರಡು ಸ್ವರದ ಚೂಪು ಕೂಗು ಹಾಕುತ್ತ ಇರುತ್ತದೆ. ಹಕ್ಕಿ ಕಣ್ಣಿಗೆ ಬೀಳುವುದು ಕಷ್ಟ. ಎಲೆಯ ಬಣ್ಣವೇ ಅದರ ಬಣ್ಣ. ಕೂಗು ಗುರುತಾದರೆ ಸಾಕು. ಅಮ್ಮನ ಹಾಸಿಗೆ ಪಕ್ಕದ ಕಿಟಕಿಯಿಂದ ಅದನ್ನು ಮೊದಲು ಕೇಳಿಸಿಕೊಂಡದ್ದು ಅಮ್ಮನೇ. 'ಮತ್ತೆ ಬಂತು ನೋಡು ಉತ್ತರದವರದು' ಎಂದು ಈಗಲೂ ಹೇಳುತ್ತಾರೆ.

ಮೊಬೈಲ್‌ಗೆ ಮರ್ಲಿನ್ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಕೂಗು ಕೇಳಿಸಿದರೆ ಯಾವ ಹಕ್ಕಿ ಇರಬಹುದೆಂದು ಹೇಳುತ್ತದೆ. ತಪ್ಪೂ ಹೇಳುತ್ತದೆ, ಹಾಗಾಗಿ ಕಣ್ಣಲ್ಲಿ ಕಂಡದ್ದರ ಜೊತೆ ತಾಳೆ ನೋಡಿ. ಕುಟ್ರ ಹಕ್ಕಿ, ಪಿಕಳಾರ, ಗೊರವಂಕ, ಕೆಂಬೂತ, ಕೋಗಿಲೆ ಇಷ್ಟು ಬೆಂಗಳೂರಿನ ಬಹುತೇಕ ಕಿಟಕಿಗಳಿಗೆ ಬಂದೇ ಬರುತ್ತವೆ. ಕಂಡದ್ದನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ವಾರ ಅದೇ ಹಕ್ಕಿ ಬಂದಾಗ ನಿಮಗೆ ಆಗುವ ಸಂತೋಷ ಸಣ್ಣದಲ್ಲ. ಪ್ರತಿ ಫೆಬ್ರವರಿಯಲ್ಲಿ ಲೋಕದಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ, ಕಿಟಕಿಯಲ್ಲಿ ಕೂತು ಹದಿನೈದು ನಿಮಿಷ ಎಣಿಸಿದವರ ಲೆಕ್ಕವೂ ಅದಕ್ಕೆ ಸೇರುತ್ತದೆ.

ಒಂದೇ ಬೀದಿಯಲ್ಲಿ ದಿನಾ ನಡೆದು ಸಾಕಾಗಿದೆ.

ಮರಗಳ ಹೆಸರು ಕಲಿಯಿರಿ. ಗುಲ್‌ಮೊಹರ್ ಮಡಗಾಸ್ಕರ್‌ನದು. ಜಕರಂದ ಮತ್ತು ಗುಲಾಬಿ ಬಣ್ಣದ ಟಬೆಬುಯಾ ಅಮೆರಿಕ ಖಂಡದ ಬಿಸಿ ಸೀಮೆಗಳವು. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಕೆಂಪು ಬಟ್ಟಲಿನಂಥ ಹೂವಿನ ನೀರುಕಾಯಿ ಮರ ಆಫ್ರಿಕಾದ್ದು. ಹೊಂಗೆ, ಮುತ್ತುಗ, ಬೇವು ನಮ್ಮವೇ. ಜರ್ಮನಿಯಿಂದ ಬಂದು ಲಾಲ್‌ಬಾಗ್ ನೋಡಿಕೊಂಡ ಕ್ರುಂಬಿಗಲ್, ಒಂದರ ಹೂವು ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಬೀದಿಮರಗಳನ್ನು ಆರಿಸಿದರೆಂದು ಹೇಳುತ್ತಾರೆ. ಜನವರಿಯಿಂದ ಟಬೆಬುಯಾ, ಮಾರ್ಚ್‌ಗೆ ಜಕರಂದದ ನೀಲಿ, ಏಪ್ರಿಲ್ ಮೇನಲ್ಲಿ ಗುಲ್‌ಮೊಹರ್‌ನ ಕೆಂಪು, ಮಳೆ ಮುಗಿದ ಮೇಲೆ ಆಕಾಶಮಲ್ಲಿಗೆಯ ಬಿಳಿ. ಆಕಾಶಮಲ್ಲಿಗೆ ರಾತ್ರಿ ಅರಳಿ ಉದುರುತ್ತದೆ, ಬೆಳಿಗ್ಗೆ ಕಸ ಗುಡಿಸುವ ಮೊದಲೇ ಹೋಗಿ.

ಊಟದ ಮೂಲಕ ಊರು ಸುತ್ತಬಹುದೇ?

ಖಂಡಿತ. ಉತ್ತರ ಕರ್ನಾಟಕದ ಖಾನಾವಳಿಗೆ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿಂದು, ಬಡಿಸುವವರನ್ನು 'ಯಾವೂರ್‍ರಿ ನಿಮ್ದು?' ಎಂದು ಕೇಳಿ. ಊರಿನ ಮಾತು ತೆಗೆದರೆ ರೊಟ್ಟಿ ಇನ್ನೊಂದು ಬೀಳುತ್ತದೆ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ. ಸಂಜೆಯ ನೂಕುನುಗ್ಗಲು ಬೇಡವೆಂದರೆ ಬೆಳಿಗ್ಗೆಯೇ ಮುಗಿಸಿ.

ವಯಸ್ಸಾದವರನ್ನು, ಗಾಲಿಕುರ್ಚಿಯಲ್ಲಿರುವವರನ್ನು ಕರೆದೊಯ್ಯಬಹುದೇ?

ಕರೆದೊಯ್ಯಿರಿ. ಆದರೆ ಮೊದಲು ನೀವೊಬ್ಬರೇ ಹೋಗಿ ಶೌಚಾಲಯ, ಮೆಟ್ಟಿಲು, ಕೂರಲು ಬೆಂಚು, ಗಾಡಿ ನಿಲ್ಲಿಸುವ ಜಾಗ ಇಷ್ಟನ್ನು ನೋಡಿಕೊಂಡು ಬನ್ನಿ. ಲಾಲ್‌ಬಾಗ್‌ನಲ್ಲಿ ಬ್ಯಾಟರಿ ವಾಹನಗಳಿವೆ. ನಮ್ಮ ಫುಟ್‌ಪಾತುಗಳು ಗಾಲಿಕುರ್ಚಿಗೆ ಇನ್ನೂ ತಕ್ಕುದಾಗಿಲ್ಲ. ಇದನ್ನು ನೆನೆದಾಗಲೆಲ್ಲ ಸಿಟ್ಟು ಬರುತ್ತದೆ, ಬರಬೇಕು ಕೂಡ.

ಬೆಂಗಳೂರಿನವರಲ್ಲದವರಿಗೆ?

ನಿಮ್ಮ ಊರಿನ ಶಾಸನದಿಂದ ಶುರು ಮಾಡಿ. ಬೆಂಗಳೂರಲ್ಲೇ 1837ರಲ್ಲಿ ಹುಟ್ಟಿದ ಶಾಸನತಜ್ಞ ಬಿ.ಎಲ್. ರೈಸ್ ಹಳೇ ಮೈಸೂರು ಸೀಮೆಯ ಶಾಸನಗಳನ್ನು ಜಿಲ್ಲೆ, ತಾಲ್ಲೂಕು, ಹಳ್ಳಿ ಹೆಸರು ಹಾಕಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಮಾಡಿಸಿದ್ದಾರೆ. ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್‌ನಲ್ಲಿ ಉಚಿತ. ನಿಮ್ಮ ಹಳ್ಳಿಯ ಹೆಸರು ಅಲ್ಲಿ ಸಿಕ್ಕರೆ ಆ ಕಲ್ಲು ಈಗ ಎಲ್ಲಿದೆ ಎಂದು ಹುಡುಕುವುದೇ ಒಂದು ಯಾತ್ರೆ. ಉತ್ತರ ಕರ್ನಾಟಕದವರು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಸರಣಿಯ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ ನೋಡಿ.

ಹುಬ್ಬಳ್ಳಿಯವರಿಗೆ ಉಣಕಲ್ಲಿನ ಚಾಲುಕ್ಯ ಶೈಲಿಯ ಚಂದ್ರಮೌಳೇಶ್ವರ ಗುಡಿ, ತುಮಕೂರಿನವರಿಗೆ ಕೈದಾಳದ ಚನ್ನಕೇಶವ, ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಹಕ್ಕಿಗಳು. ಮಂಗಳೂರಿನವರು ಕದ್ರಿ ದೇವಸ್ಥಾನದಲ್ಲಿ ಕ್ರಿ.ಶ. 968ರ ಲೋಕೇಶ್ವರನ ಕಂಚಿನ ವಿಗ್ರಹವನ್ನು ನಿಧಾನವಾಗಿ ನೋಡಿ.

ಗೆಳೆಯರ ಪ್ರವಾಸದ ಫೋಟೋ ನೋಡಿದರೆ ಸಂಕಟವಾಗುತ್ತದೆ. ಏನು ಮಾಡಲಿ?

ಸಂಕಟವಾಗುವುದು ತಪ್ಪಲ್ಲ. ಆ ದಿನ ಫೋನು ಬದಿಗಿಡಿ. ಮನಸ್ಸು ತಿಳಿಯಾದ ಮೇಲೆ ಆ ಗೆಳೆಯರಿಗೆ ಫೋನ್ ಮಾಡಿ, ಅಲ್ಲಿ ಬೆಳಿಗ್ಗೆ ಏನು ತಿಂದರು, ಬಸ್ಸಿನಲ್ಲಿ ಪಕ್ಕ ಯಾರು ಕೂತಿದ್ದರು ಎಂದು ಕೇಳಿ. ಫೋಟೋದಲ್ಲಿ ಇಲ್ಲದ್ದೆಲ್ಲ ಮಾತಿನಲ್ಲಿ ಸಿಗುತ್ತದೆ.

ನಾಳೆ ಭಾನುವಾರ. ಒಂದೇ ಒಂದು ಜಾಗ ಹೇಳಿ.

ಬೇಗೂರು. ಬನ್ನೇರುಘಟ್ಟ ರಸ್ತೆಗೂ ಹೊಸೂರು ರಸ್ತೆಗೂ ನಡುವೆ ಇದೆ, ಬಿಎಂಟಿಸಿ ಬಸ್ ಸಿಗುತ್ತದೆ. ಗಂಗರ ಕಾಲದ ನಾಗೇಶ್ವರ ದೇವಸ್ಥಾನಕ್ಕೆ ಬೆಳಿಗ್ಗೆ ಏಳರೊಳಗೆ ತಲುಪಿ. ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ಕಲ್ಲಿದೆ. 'ಬೆಂಗಳೂರು' ಎಂಬ ಹೆಸರು ಅದರಲ್ಲಿದೆ, ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿಗೆ ಕೆತ್ತಿಸಿದ್ದು. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರೂವರೆ ಶತಮಾನ ಮೊದಲೇ ಈ ಹೆಸರಿತ್ತು ಎಂಬುದಕ್ಕೆ ಸಾಕ್ಷಿ ಅದು. ಕಲ್ಲು ಎಲ್ಲಿದೆ ಎಂದು ಅರ್ಚಕರನ್ನೋ ಹೂ ಮಾರುವವರನ್ನೋ ಕೇಳಿ. ಟಾರ್ಚು ಮರೆಯಬೇಡಿ. ನೋಡಿಯಾದ ಮೇಲೆ ಬೇಗೂರು ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು, ಹತ್ತು ಗಂಟೆಯ ಬಿಸಿಲು ಏರುವ ಮೊದಲೇ ಮನೆ ಸೇರಬಹುದು.